ದೋಷಪಟ್ಟಿ ಬಹಿರಂಗವಾಗಿದ್ದರೆ ಗ್ರಾಹಕನಿಗೂ ಲಾಭ, ತಯಾರಕನಿಗೂ ಲಾಭ

ಇಂದು ಬಿಲ್, ದಾಸ್ತಾನು, ತೆರಿಗೆಗಳ ಲೆಕ್ಕವೆಲ್ಲವೂ ತಂತ್ರಾಂಶವನ್ನು ಅವಲಂಬಿಸಿದೆ. ದೋಷರಹಿತ ತಂತ್ರಾಂಶವೆಂಬುದು ಎಲ್ಲಿಯೂ ಇಲ್ಲ. ಆದುದರಿಂದ ಅದನ್ನು ಕೊಳ್ಳುವ ಉದ್ಯಮಿಯು, ಕಂಡುಬಂದ ದೋಷಗಳನ್ನು ತಯಾರಕರು ಎಲ್ಲಿ ದಾಖಲಿಸುತ್ತಾರೆ, ಆ ದಾಖಲೆ ಗ್ರಾಹಕರಿಗೆ ತೆರೆದಿದೆಯೇ ಎಂಬುದನ್ನು ಮೊದಲೇ ವಿಚಾರಿಸುವುದು ಲೇಸು.

ಮುಚ್ಚಿಟ್ಟುದರ ಬೆಲೆ

ದೋಷವನ್ನು ಮರೆಮಾಚಿದರೆ ಏನಾಗುವುದೆಂಬುದಕ್ಕೆ ಯಂತ್ರಾಂಶ ಕ್ಷೇತ್ರದ ಒಂದು ಪ್ರಕರಣ ಪ್ರಸಿದ್ಧವಾಗಿದೆ. ಇಂಟೆಲ್ ಸಂಸ್ಥೆಯ ಪೆಂಟಿಯಂ ಚಿಪ್ ಕೆಲವು ಭಾಗಾಕಾರಗಳಲ್ಲಿ ತಪ್ಪು ಉತ್ತರ ನೀಡುತ್ತಿರುವುದನ್ನು 1994ರಲ್ಲಿ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಬಹಿರಂಗಪಡಿಸಿದರು. ಸಂಸ್ಥೆಗೆ ಅದು ಮೊದಲೇ ತಿಳಿದಿತ್ತು, ಗ್ರಾಹಕರಿಗೆ ತಿಳಿಸಿರಲಿಲ್ಲ. ಅಗತ್ಯವನ್ನು ತೋರಿಸಿದವರಿಗೆ ಮಾತ್ರ ಚಿಪ್ ಬದಲಿಸಿ ಕೊಡುವೆವೆಂಬ ನಿಲುವು ಜನರನ್ನು ಕೆರಳಿಸಿತು. ಕೊನೆಗೆ ಕೇಳಿದವರಿಗೆಲ್ಲ ಬದಲಿ ಚಿಪ್ ನೀಡಬೇಕಾಯಿತು. ಇದರ ಬಾಬ್ತು ಸಂಸ್ಥೆ ಲೆಕ್ಕಕ್ಕೆ ಹಾಕಿದ ಹೊರೆ 47.5 ಕೋಟಿ ಡಾಲರ್.

ತೆರೆದ ದಾಖಲೆಯ ರೀತಿ

ಇದಕ್ಕೆ ಭಿನ್ನವಾದ ಮಾರ್ಗವೂ ಉಂಟು. ಡೆಬಿಯನ್ ಯೋಜನೆಯು 1997ರಲ್ಲಿ ಅಂಗೀಕರಿಸಿದ ತನ್ನ ಸಾಮಾಜಿಕ ಒಪ್ಪಂದದಲ್ಲಿಯೇ ಸಮಸ್ಯೆಗಳನ್ನು ಮುಚ್ಚಿಡುವುದಿಲ್ಲವೆಂದು ಘೋಷಿಸಿತು. ಮೊಜಿಲ್ಲಾ ಯೋಜನೆಯು 1998ರಲ್ಲಿ ‘ಬಗ್‌ಜಿಲ್ಲಾ’ ಎಂಬ ದೋಷ ದಾಖಲಾತಿ ವ್ಯವಸ್ಥೆಯನ್ನು ಸಾರ್ವಜನಿಕರಿಗೆ ತೆರೆಯಿತು. ಮುಂಬಯಿಯ ಫ್ರಾಪೆ ಸಂಸ್ಥೆಯು ತನ್ನ ವ್ಯವಹಾರ ತಂತ್ರಾಂಶ ಇಆರ್‌ಪಿನೆಕ್ಸ್ಟ್‌ನ ದೋಷಗಳನ್ನು ಯಾರು ಬೇಕಾದರೂ ಓದುವಂತೆ ಇಟ್ಟಿದೆ.

ಇಂಥ ವ್ಯವಸ್ಥೆಯಲ್ಲಿ ಪ್ರತಿ ದೂರಿಗೂ ಒಂದು ಸಂಖ್ಯೆಯಿರುತ್ತದೆ. ಯಾವ ಆವೃತ್ತಿ, ಏನು ಮಾಡಿದಾಗ ದೋಷ ಕಂಡಿತು, ಬರಬೇಕಾದ ಉತ್ತರವೇನು, ಬಂದದ್ದೇನು, ದುರಸ್ತಿ ಯಾವ ಹಂತದಲ್ಲಿದೆ ಎಂಬ ವಿವರಗಳು ಅಲ್ಲಿರುತ್ತವೆ. ಹತ್ತು ಗ್ರಾಹಕರ ಒಂದೇ ದೂರು ಒಂದೇ ಕಡತಕ್ಕೆ ಸೇರುವುದರಿಂದ ಅದರ ಗಂಭೀರತೆ ತಯಾರಕನಿಗೆ ತಿಳಿಯುತ್ತದೆ. ದುರಸ್ತಿಯಾಗುವವರೆಗೆ ಕೆಲಸ ಸಾಗಿಸುವ ಉಪಾಯವೂ ಬಳಕೆದಾರರಿಗೆ ಅಲ್ಲಿಯೇ ದೊರೆಯಬಹುದು. ನೌಕರ ಬಿಟ್ಟುಹೋದರೂ ದಾಖಲೆ ಉಳಿಯುತ್ತದೆ.

ಎಚ್ಚರಿಕೆಗಳು

ಭದ್ರತೆಗೆ ಸಂಬಂಧಿಸಿದ ಲೋಪಗಳು ಇದಕ್ಕೆ ಅಪವಾದ. ಕಳ್ಳರಿಗೆ ದಾರಿ ತೋರದಂತೆ, ಪರಿಹಾರ ಸಿದ್ಧವಾಗುವವರೆಗೆ ಮೊಜಿಲ್ಲಾ ಕೂಡ ಅವುಗಳನ್ನು ಗೋಪ್ಯವಾಗಿಡುತ್ತದೆ. ದೂರು ಬರೆಯುವವರೂ ಗ್ರಾಹಕರ ಹೆಸರು, ಬ್ಯಾಂಕ್ ಖಾತೆ, ಗುಪ್ತಪದಗಳನ್ನು ಅಲ್ಲಿ ನಮೂದಿಸಬಾರದು.

ಪಟ್ಟಿ ಉದ್ದವಿದೆಯೆಂದ ಮಾತ್ರಕ್ಕೆ ತಂತ್ರಾಂಶ ಕಳಪೆಯೆಂದು ತಿಳಿಯಬಾರದು; ಬಳಸುವವರು ಹೆಚ್ಚಿದಂತೆ ದೂರುಗಳೂ ಹೆಚ್ಚುತ್ತವೆ. ಗಮನಿಸಬೇಕಾದುದು ದೂರಿಗೆ ಎಷ್ಟು ದಿನಗಳಲ್ಲಿ ಉತ್ತರ ಬಂದಿದೆ, ಹಳೆಯ ದೋಷಗಳೆಷ್ಟು ಬಗೆಹರಿದಿವೆ ಎಂಬುದನ್ನು. ಖರೀದಿಗೆ ಮುನ್ನ ಈ ಪಟ್ಟಿಯನ್ನು ಒಮ್ಮೆ ಓದಿದರೆ, ಮಾರಾಟಗಾರರ ಕರಪತ್ರದಲ್ಲಿಲ್ಲದ ಸಂಗತಿಗಳು ತಿಳಿದುಬರುತ್ತವೆ.