ಸಹಿ ಹಾಕಿದವರು ಒಬ್ಬರು, ಒಪ್ಪಿಸಬೇಕಾದವರು ಇನ್ನೊಬ್ಬರು

ಹೈದರಾಬಾದಿನ ತಾರ್ನಾಕದ ಒಂದು ಮಗ್ಗುಲಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯ. ಆಸುಪಾಸಿನಲ್ಲೇ ರಾಷ್ಟ್ರೀಯ ಪೋಷಣಾ ಸಂಸ್ಥೆ, ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ. ನಿವೃತ್ತ ಮೇಷ್ಟ್ರುಗಳು, ವಿಜ್ಞಾನಿಗಳು ಇರುವ ಬಡಾವಣೆ. ಮಕ್ಕಳು ಅಮೆರಿಕ ಸೇರಿದ ಮನೆಗಳಿಗೂ ಬರವಿಲ್ಲ. ದೇಹದಾನವೆಂದರೆ ಹೌಹಾರುವವರು ಇಂಥ ಕಡೆ ಕಡಿಮೆ. ತೊಡಕು ಶುರುವಾಗುವುದು ಉಸಿರು ನಿಂತ ಮೇಲೆ.

ಅರ್ಜಿ ತುಂಬುವುದು ಸುಲಭ: ಇಬ್ಬರು ಸಾಕ್ಷಿಗಳು, ಅದರಲ್ಲೊಬ್ಬರು ಹತ್ತಿರದ ಬಂಧು. ಆದರೆ ವೈದ್ಯಕೀಯ ಕಾಲೇಜಿಗೆ ಫೋನ್ ಮಾಡಬೇಕಾದವರು ಮನೆಯವರು. ಅವರು ಬೇಡವೆಂದರೆ ಸತ್ತವರ ಸಹಿ ಹಿಡಿದುಕೊಂಡು ಯಾವ ಕಾಲೇಜೂ ಜಗಳಕ್ಕೆ ಬರುವುದಿಲ್ಲ. ಮಗ ವಿಮಾನ ಹತ್ತಿ ಬರಲಿ ಎಂದು ಕಾದರೆ ದೇಹ ಕೆಡತೊಡಗುತ್ತದೆ. ಆಮೇಲೆ ರಕ್ತನಾಳಕ್ಕೆ ಏರಿಸಿದ ಫಾರ್ಮಾಲಿನ್ ದ್ರಾವಣ ಎಲ್ಲೆಡೆ ಹರಿಯುವುದಿಲ್ಲ. ಕೂಡಲೇ ಶೈತ್ಯಾಗಾರಕ್ಕೆ ಸೇರಿಸಿದರೆ ಸ್ವಲ್ಪ ಸಮಯ ಸಿಗುತ್ತದೆ. ಅದಕ್ಕೂ ಕಾಲೇಜಿನ ನಂಬರು ಪಕ್ಕದ ಮನೆಯವರಿಗಾದರೂ ಗೊತ್ತಿರಬೇಕು, ಬೀರುವಿನಲ್ಲಿಟ್ಟ ಕಾಗದ ತಾನಾಗಿ ಮಾತಾಡುವುದಿಲ್ಲ. ಮರಣೋತ್ತರ ಪರೀಕ್ಷೆಯಾದ ದೇಹ, ಎಚ್‌ಐವಿ ಅಥವಾ ಹೆಪಟೈಟಿಸ್ ಸೋಂಕಿದ್ದ ದೇಹಗಳನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣು ಕೊಟ್ಟಿದ್ದರೆ ಅಡ್ಡಿಯಿಲ್ಲ.

ಒಂದು ಕಾಲಕ್ಕೆ ಈ ಒಪ್ಪಿಗೆಯ ಗೊಡವೆಯೇ ಇರಲಿಲ್ಲ. 1828ರಲ್ಲಿ ಎಡಿನ್‌ಬರೋದ ಬರ್ಕ್ ಮತ್ತು ಹೇರ್ ಎಂಬಿಬ್ಬರು 16 ಜನರನ್ನು ಕೊಂದು ಅನಾಟಮಿ ಕಲಿಸುವ ವೈದ್ಯನಿಗೆ ಹೆಣ ಮಾರಿದ್ದು ಬಯಲಾಯಿತು. 1832ರಲ್ಲಿ ಬ್ರಿಟನ್ ಕಾಯ್ದೆ ಮಾಡಿತು: ಕೇಳುವವರಿಲ್ಲದ ಹೆಣ ಕಾಲೇಜಿಗೆ. ಕೊಲೆ ನಿಂತಿತು, ಆದರೆ ಬಡವರ ಆಶ್ರಯಧಾಮಗಳಲ್ಲಿ ಸತ್ತವರು ಮೇಜಿಗೆ ಬಂದರು. 1949ರ ಮುಂಬೈ ಕಾಯ್ದೆ, 1957ರ ಮೈಸೂರು ಕಾಯ್ದೆ ಅದೇ ಅಚ್ಚಿನವು. ತಲೆಮಾರುಗಳ ವೈದ್ಯರು ನರ, ಸ್ನಾಯು ಕಲಿತದ್ದು ಹೆಚ್ಚಾಗಿ ಯಾರೂ ಕೇಳಿಕೊಂಡು ಬರದ ದೇಹಗಳ ಮೇಲೆ. ಆ ಸತ್ತವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ ಎಂಬುದನ್ನು ನಮ್ಮ ವೈದ್ಯ ಶಿಕ್ಷಣ ಇನ್ನೂ ಗಟ್ಟಿಯಾಗಿ ಹೇಳಿಕೊಂಡಿಲ್ಲ.

ಈಗ ಬೇಡಿಕೆ ಬೇರೆಯೇ ಗಾತ್ರದ್ದು. ತೆಲಂಗಾಣದಲ್ಲಿ 2022ರ ನವೆಂಬರ್‌ನಲ್ಲಿ ಒಂದೇ ದಿನ 8 ಸರ್ಕಾರಿ ವೈದ್ಯಕೀಯ ಕಾಲೇಜುಗಳು ಆರಂಭವಾದವು, 2023ರ ಸೆಪ್ಟೆಂಬರ್‌ನಲ್ಲಿ ಇನ್ನೂ 9. ಹತ್ತು ವಿದ್ಯಾರ್ಥಿಗಳಿಗೊಂದು ದೇಹ ಎಂಬ ಹಳೆಯ ಲೆಕ್ಕ ಹಿಡಿದರೆ ನೂರು ಸೀಟಿನ ಕಾಲೇಜಿಗೆ ಹತ್ತು ಬೇಕು. ಕಾಲೇಜು ಜಿಲ್ಲೆಗೊಂದು ಬಂದಷ್ಟು ಬೇಗ ದಾನಿಗಳು ಬರುವುದಿಲ್ಲ. ಬಂದವರಲ್ಲಿ ಕಮ್ಯುನಿಸ್ಟರು ಎದ್ದು ಕಾಣುತ್ತಾರೆ. ನಿಜಾಮನ ವಿರುದ್ಧ ಬಂದೂಕು ಹಿಡಿದಿದ್ದ ಮಲ್ಲು ಸ್ವರಾಜ್ಯಂ 2022ರಲ್ಲಿ ತೀರಿಕೊಂಡಾಗ ಅವರ ದೇಹ ನಲ್ಗೊಂಡದ ಕಾಲೇಜಿಗೆ ಹೋಯಿತು. ಹೈದರಾಬಾದಿನಲ್ಲಿ ಬೆಳೆದ ಸೀತಾರಾಂ ಯೆಚೂರಿ ಅವರ ದೇಹ 2024ರಲ್ಲಿ ದೆಹಲಿಯ ಏಮ್ಸ್‌ಗೆ. ಅವರ ತಾಯಿಯದೂ ಅಲ್ಲಿಗೇ ಹೋಗಿತ್ತು.

ಪಕ್ಷ, ಸಿದ್ಧಾಂತದ ಹಂಗಿಲ್ಲದ ಉದಾಹರಣೆ ನಮ್ಮ ಬೆಳಗಾವಿ ಸೀಮೆಯದು. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ 2008ರ ನವೆಂಬರ್ 13ರಂದು ತೀರಿಕೊಂಡರು. ತನ್ನ ದೇಹವನ್ನು ಮಗನೇ ಛೇದಿಸಿ ಪಾಠ ಮಾಡಲಿ ಎಂಬುದು ಅವರ ಇಚ್ಛೆ. ಮಗ ಡಾ. ಮಹಾಂತೇಶ ಬೆಳಗಾವಿಯ ಕೆಎಲ್‌ಇ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಮೇಷ್ಟ್ರು. ಕಾಪಿಟ್ಟ ದೇಹದ ಮೇಲೆ 2010ರ ನವೆಂಬರ್ 13ರಂದು, ಎರಡನೆಯ ಪುಣ್ಯತಿಥಿಯ ದಿನ, ವಿದ್ಯಾರ್ಥಿಗಳ ಎದುರು ಅವರೇ ಕತ್ತರಿ ಹಿಡಿದರು. ಇದನ್ನು ಸಾಹಸವೆಂದು ಹೊಗಳುವವರೇ ಹೆಚ್ಚು. ನನಗೆ ಮುಖ್ಯವೆನಿಸುವುದು ಬೇರೆ: ಅಪ್ಪನಿಗೆ ಏನು ಬೇಕೆಂದು ಮನೆಯವರಿಗೆ ಮೊದಲೇ ಗೊತ್ತಿತ್ತು. ಸತ್ತ ದಿನ ಹೊಸದಾಗಿ ತೀರ್ಮಾನಿಸಬೇಕಾದ್ದು ಏನೂ ಉಳಿದಿರಲಿಲ್ಲ.

ಎಲ್ಲ ಮನೆಗಳಲ್ಲೂ ಹೀಗಿಲ್ಲ. ಪಾಠ ಮುಗಿದ ಮೇಲೆ ಉಳಿದದ್ದರ ಸಂಸ್ಕಾರವನ್ನು ಕಾಲೇಜೇ ಮಾಡುತ್ತದೆ. ಮೂಳೆಗಳನ್ನು ಕಲಿಕೆಗೆ ಇಟ್ಟುಕೊಳ್ಳುವುದೂ ಉಂಟು. ಮನೆಯವರ ಕೈಗೆ ಬರುವುದು ಒಂದು ಪ್ರಮಾಣಪತ್ರ. ಹಾಗಾದರೆ ಅಸ್ಥಿ ಎಲ್ಲಿ, ಕರ್ಮ ಯಾವುದಕ್ಕೆ ಮಾಡೋಣ ಎಂದು ಮನೆಯ ಹಿರಿಯರು ಕೇಳಿದರೆ ಅದು ತಳ್ಳಿಹಾಕುವ ಮಾತಲ್ಲ. ದೇಹ ಸಿಗದೆ ಹೋದವರಿಗೆ ದರ್ಭೆಯಲ್ಲಿ ಆಕೃತಿ ಮಾಡಿ ಸಂಸ್ಕಾರ ಮಾಡುವ ವಿಧಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಕೊಟ್ಟವರಿಗೂ ಅದು ಸಲ್ಲುತ್ತದೆಯೇ ಎಂದು ಪುರೋಹಿತರನ್ನು ಕೇಳಬೇಕಾದದ್ದು ಅರ್ಜಿಗೆ ಸಹಿ ಹಾಕುವ ವಾರದಲ್ಲೇ.