ದಂತಧಾವನದಿಂದ ದಂತದಾರದವರೆಗೆ

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ವಿಧಿಯ ವೈಚಿತ್ರ್ಯವನ್ನು ಸೂಚಿಸಲು ಬಳಸುವುದು ವಾಡಿಕೆ. ಕಡಲೆ ದೊರೆಯುವುದು ಭಾಗ್ಯಾಧೀನವಾಗಿರಬಹುದು. ಹಲ್ಲು ಉಳಿಯುವುದು ಮಾತ್ರ ಬಹುಮಟ್ಟಿಗೆ ಮನುಷ್ಯಾಧೀನ. ಆಹಾರವನ್ನು ಅಗಿದು ನುರಿಸುವುದಷ್ಟೇ ಹಲ್ಲಿನ ಕಾರ್ಯವಲ್ಲ. ತ, ಥ, ದ, ಧ, ನ ಎಂಬ ವರ್ಣಗಳನ್ನು ವೈಯಾಕರಣರು ದಂತ್ಯಗಳೆಂದು ಕರೆದಿರುವುದು ಅವು ಹಲ್ಲಿನ ಆಶ್ರಯದಿಂದ ಹುಟ್ಟುವುದರಿಂದಲೇ. ಮುಂದಿನ ಹಲ್ಲು ಬಿದ್ದ ಬಾಲಕನ ಓದಿನಲ್ಲಿ ಸಕಾರವು ಜಾರುವುದನ್ನು ಉಪಾಧ್ಯಾಯರೆಲ್ಲರೂ ಬಲ್ಲರು.

ದಂತಶುದ್ಧಿಯ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ತುದಿ ಜಜ್ಜಿದ ಕಡ್ಡಿಯಿಂದ ದಿನಕ್ಕೆ ಎರಡು ಹೊತ್ತು, ವಸಡಿಗೆ ಬಾಧೆಯಾಗದಂತೆ ಹಲ್ಲುಜ್ಜಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನವು ವಿಧಿಸುತ್ತದೆ. ನಾಲಿಗೆಯನ್ನು ಹೆರೆಯುವ ಸಾಧನವನ್ನೂ ಹೇಳುತ್ತದೆ. ಕಡ್ಡಿಯು ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನ ಗಾತ್ರ ಇರಬೇಕೆಂದೂ, ಕಹಿರಸದ ಮರಗಳಲ್ಲಿ ಬೇವು ಶ್ರೇಷ್ಠವೆಂದೂ ಸುಶ್ರುತಸಂಹಿತೆಯ ಮತ. ದಾವಣಗೆರೆ, ಹರಿಹರಗಳ ಸುತ್ತಣ ಹಳ್ಳಿಗಳ ಹಿರಿಯರಿಗೆ ಬೇವಿನ ಕಡ್ಡಿ, ಇದ್ದಿಲು, ಉಪ್ಪು ಇವುಗಳ ಪರಿಚಯವನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಶಾಸ್ತ್ರಕಾರರ ಮಾತಿನ ಎರಡು ಅಂಶಗಳು ಕಾಲಕ್ರಮದಲ್ಲಿ ಮರೆತುಹೋದವು. ಎರಡು ಹೊತ್ತು ಎಂಬುದು ಮುಂಜಾನೆಯ ಒಂದೇ ಹೊತ್ತಾಯಿತು. ವಸಡಿಗೆ ಬಾಧೆಯಾಗದಂತೆ ಎಂಬುದು ಇದ್ದಿಲು, ಇಟ್ಟಿಗೆಯ ಪುಡಿಗಳ ಒರಟು ತಿಕ್ಕಾಟವಾಯಿತು. ಇಂಥ ಪುಡಿಗಳು ಹಲ್ಲನ್ನು ಬೆಳ್ಳಗೆ ತೋರಿಸಿದರೂ ಅದರ ಮೇಲಣ ಕವಚವನ್ನು ಸವೆಸುತ್ತವೆ.

ಹಲ್ಲು ಹುಳುಕಾಗುವುದು ಹುಳುವಿನಿಂದಲ್ಲ. ಹಾಲೆಂಡಿನ ಲೇವನ್‌ಹುಕ್ ತನ್ನ ಹಲ್ಲಿನ ಮೇಲಣ ಬಿಳಿಯ ಲೇಪವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅದರಲ್ಲಿ ಚಲಿಸುವ ಅಣುಜೀವಿಗಳಿವೆಯೆಂದು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು. ಆ ಜೀವಿಗಳು ಬಾಯಲ್ಲುಳಿದ ಸಕ್ಕರೆ, ಪಿಷ್ಟಗಳಿಂದ ಆಮ್ಲವನ್ನು ಉಂಟುಮಾಡುತ್ತವೆ, ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ ಎಂಬ ಸಿದ್ಧಾಂತವನ್ನು ಮಿಲ್ಲರ್ ಎಂಬ ದಂತವಿಜ್ಞಾನಿಯು 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದನು. ದಾವಣಗೆರೆಯ ಮಂಡಕ್ಕಿಯಾಗಲಿ, ಅಂಗಡಿಯ ಬಿಸ್ಕತ್ತಾಗಲಿ ಅಗಿದಾಗ ಅಂಟಾಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ತಿಂದ ಪ್ರಮಾಣಕ್ಕಿಂತಲೂ ಎಷ್ಟು ಸಲ ತಿಂದರು, ಎಷ್ಟು ಹೊತ್ತು ಅದು ಬಾಯಲ್ಲಿ ಉಳಿಯಿತು ಎಂಬುದೇ ಇಲ್ಲಿ ಮುಖ್ಯ.

ಇನ್ನು ಒಂದು ಸಣ್ಣ ಲೆಕ್ಕ. ದವಡೆಯ ಪ್ರತಿಯೊಂದು ಹಲ್ಲಿಗೂ ಐದು ಮುಖಗಳುಂಟು: ಕೆನ್ನೆಯ ಕಡೆಯದು, ನಾಲಿಗೆಯ ಕಡೆಯದು, ಅಗಿಯುವ ಮೇಲ್ಮೈ, ನೆರೆಯ ಹಲ್ಲುಗಳಿಗೆ ತಾಗಿದ ಎರಡು ಪಕ್ಕಗಳು. ಬ್ರಷ್ಷಿನ ಎಳೆಗಳು ಮೊದಲಿನ ಮೂರನ್ನು ಚೆನ್ನಾಗಿ ಮುಟ್ಟುತ್ತವೆ. ಕಡೆಯ ಎರಡಕ್ಕೆ ಅವುಗಳ ಪ್ರವೇಶವಿಲ್ಲ. ಅಲ್ಲಿ ನಿಂತ ಲೇಪವು ದಿನ ಕಳೆದಂತೆ ಕಿಟ್ಟಗಟ್ಟಿ, ವಸಡು ಊದಿ ರಕ್ತ ಒಸರುತ್ತದೆ. ಕಾಣದ ಪಕ್ಕದಿಂದಲೇ ಹುಳುಕು ಆರಂಭವಾಗುತ್ತದೆ. ನೋವು ತೋರುವ ವೇಳೆಗೆ ರೋಗವು ಬಹುದೂರ ಸಾಗಿರುತ್ತದೆ.

ಈ ಸಂದಿನ ಶುದ್ಧಿಗಾಗಿ ಹುಟ್ಟಿದ್ದೇ ದಂತದಾರ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ದಂತವೈದ್ಯ ಪಾರ್ಮ್ಲಿಯು 1819ರಲ್ಲಿಯೇ ರೇಷ್ಮೆಯ ಎಳೆಯನ್ನು ಹಲ್ಲುಗಳ ನಡುವೆ ಎಳೆಯಬೇಕೆಂದು ಬೋಧಿಸಿದ್ದನು. ಮುಂದೆ ರೇಷ್ಮೆಯ ಸ್ಥಾನಕ್ಕೆ ನೈಲಾನ್ ಬಂದಿತು. ಒಂದು ಕಾಲಕ್ಕೆ ನೂಲಿನ ಗಿರಣಿಗಳಿಂದಲೇ ಹೆಸರಾಗಿದ್ದ ದಾವಣಗೆರೆಯಲ್ಲಿ ಈ ದಾರದ ಬಳಕೆ ಇನ್ನೂ ವಿರಳವಾಗಿದೆ. ಎಸ್.ಎಸ್. ಬಡಾವಣೆಯಂಥ ಸುಶಿಕ್ಷಿತರ ನೆಲೆಯಲ್ಲಿಯೂ ಊಟದ ಅನಂತರ ಗುಂಡುಸೂಜಿ, ಬೆಂಕಿಕಡ್ಡಿಗಳನ್ನು ಹುಡುಕುವ ಕೈಗಳು ಇಲ್ಲದಿಲ್ಲ. ಇವು ವಸಡನ್ನು ಗಾಯಗೊಳಿಸುತ್ತವೆ. ಹೊಲಿಗೆಯ ದಾರವೂ ಸಲ್ಲದು. ಅದು ಎಳೆಬಿಟ್ಟು ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಬಳಸುವ ಕ್ರಮ ಹೀಗೆ: ಒಂದು ಮೊಳದಷ್ಟು, ಎಂದರೆ ಸುಮಾರು 45 ಸೆಂಟಿಮೀಟರ್, ದಾರವನ್ನು ತೆಗೆದುಕೊಂಡು ಎರಡೂ ಕೈಗಳ ನಡುಬೆರಳಿಗೆ ಸುತ್ತಬೇಕು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದಂಗುಲ ಬಿಗಿಹಿಡಿದು, ಮೆಲ್ಲನೆ ಹಿಂದೆ ಮುಂದೆ ಆಡಿಸುತ್ತ ಸಂದಿಗೆ ಇಳಿಸಬೇಕು, ಒಮ್ಮೆಲೇ ಒತ್ತಬಾರದು. ಬಳಿಕ ದಾರವನ್ನು ಒಂದು ಹಲ್ಲಿನ ಪಕ್ಕಕ್ಕೆ ಬಿದಿಗೆಯ ಚಂದ್ರನಂತೆ ಬಾಗಿಸಿ, ವಸಡಿನ ಅಂಚಿನಿಂದ ಮೇಲಕ್ಕೂ ಕೆಳಕ್ಕೂ ಕೆಲವು ಸಲ ಉಜ್ಜಿ, ನೆರೆಯ ಹಲ್ಲಿಗೂ ಹಾಗೆಯೇ ಮಾಡಬೇಕು. ಪ್ರತಿ ಸಂದಿಗೂ ದಾರದ ಹೊಸ ಭಾಗವನ್ನು ಬಳಸತಕ್ಕದ್ದು. ರಾತ್ರಿ ಮಲಗುವ ಮುನ್ನ ಇದು ಮುಗಿದ ಮೇಲೆ ಫ್ಲೋರೈಡ್ ಉಳ್ಳ ಪೇಸ್ಟಿನಿಂದ ಎರಡು ನಿಮಿಷ ಹಲ್ಲುಜ್ಜಬೇಕು. ಮೊದಲ ಕೆಲವು ದಿನ ವಸಡಿನಲ್ಲಿ ತುಸು ರಕ್ತ ತೋರಬಹುದು. ಒಂದೆರಡು ವಾರವಾದರೂ ನಿಲ್ಲದಿದ್ದರೆ ವೈದ್ಯರನ್ನು ಕಾಣುವುದು ಅವಶ್ಯ.

ದಾರವು ಸಂಜೀವಿನಿಯಲ್ಲ. ಬ್ರಷ್ಷಿನ ಜೊತೆಗೆ ದಾರವನ್ನೂ ಬಳಸಿದರೆ ವಸಡಿನ ಊತ ಕಡಿಮೆಯಾಗಬಹುದೆಂದೂ, ಸಂದು ಅಗಲವಾಗಿರುವವರಿಗೆ ಕಿರುಬ್ರಷ್ಷುಗಳು ಅನುಕೂಲವೆಂದೂ ಇಂದಿನ ವಿದ್ವಾಂಸರು ಎಚ್ಚರದಿಂದಲೇ ಹೇಳುತ್ತಾರೆ. ಶಾಲೆಗಳವರು ಗಮನಿಸಬೇಕಾದ ಸಂಗತಿಯೊಂದು 2006ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿದೆ. ಶಾಲೆಯ ದಿನಗಳಲ್ಲಿ ನುರಿತವರು ಸುಮಾರು ಇಪ್ಪತ್ತು ತಿಂಗಳ ಕಾಲ ಎಳೆಯ ಮಕ್ಕಳಿಗೆ ದಾರ ಹಾಕಿದಾಗ, ಸಂದಿನಲ್ಲಿ ಹುಳುಕು ಹಿಡಿಯುವ ಸಂಭವ ನೂರಕ್ಕೆ 40ರಷ್ಟು ತಗ್ಗಿತು. ಬೆಳೆಯುವ ಮಕ್ಕಳು ತಾವಾಗಿಯೇ ಮಾಡಿಕೊಂಡಾಗ ಅಂಥ ಫಲ ಕಾಣಲಿಲ್ಲ. ದಾರಕ್ಕಿಂತ ಅದನ್ನು ಹಿಡಿದ ಕೈ ಮುಖ್ಯವೆಂಬುದು ಇದರ ತಾತ್ಪರ್ಯ. ಆದುದರಿಂದ ಹತ್ತು ವರ್ಷದೊಳಗಿನ ಮಗುವಿಗೆ ದಾರದ ಡಬ್ಬಿಯನ್ನು ಕೊಟ್ಟು ಸುಮ್ಮನಾದರೆ ಸಾಲದು. ತಾಯಿತಂದೆಯರೇ ಹಚ್ಚಿ ಕಲಿಸಬೇಕು.

ಇದರಲ್ಲಿ ಕಳೆದುಹೋಗುವುದೇನೆಂಬುದನ್ನೂ ಅರಿಯಬೇಕು. ಮಗುವಿಗೆ ಸುಮಾರು ಆರು ವರ್ಷವಾದಾಗ, ಯಾವ ಹಾಲುಹಲ್ಲೂ ಬೀಳದೆಯೇ, ಸಾಲಿನ ಹಿಂದುಗಡೆ ಒಂದು ದವಡೆಹಲ್ಲು ಮೂಡುತ್ತದೆ. ಯಾವುದೂ ಬೀಳದೆ ಬಂದದ್ದರಿಂದ ಇದನ್ನೂ ಹಾಲುಹಲ್ಲೆಂದು ತಿಳಿದು, ಹುಳುಕಾದರೆ ಬಿದ್ದು ಬೇರೆ ಬರುತ್ತದೆಂದು ಹಿರಿಯರು ಉಪೇಕ್ಷಿಸುವುದುಂಟು. ಅದು ಶಾಶ್ವತವಾದ ಹಲ್ಲು. ಹೋದರೆ ಮತ್ತೆ ಬಾರದು. ಒಂದನೆಯ ತರಗತಿಗೆ ಸೇರುವ ಮಗುವಿನೊಡನೆ ಈ ಹಲ್ಲೂ ಶಾಲೆಗೆ ಬರುತ್ತದೆ.

1979ರಲ್ಲಿ ಬಾಪೂಜಿ ದಂತವೈದ್ಯಕೀಯ ಮಹಾವಿದ್ಯಾಲಯ ಆರಂಭವಾದಂದಿನಿಂದ ದಾವಣಗೆರೆಯು ನಾಡಿಗೆ ದಂತವೈದ್ಯರನ್ನು ಒದಗಿಸುತ್ತ ಬಂದಿದೆ. ಅಂಥ ಊರಿನಲ್ಲಿ ಹಲ್ಲುನೋವಿನಿಂದ ಪಾಠ ತಪ್ಪಿಸಿಕೊಳ್ಳುವ ಮಗುವಿರಬಾರದು. ವರ್ಷಕ್ಕೊಮ್ಮೆ ಮಕ್ಕಳ ಹಲ್ಲಿನ ತಪಾಸಣೆ, ಪಾಲಕರ ಸಭೆಯಲ್ಲಿ ದಾರ ಹಾಕುವ ಕ್ರಮದ ಪ್ರಾತ್ಯಕ್ಷಿಕೆ, ನೀರಿನ ನಲ್ಲಿಗಳ ಬಳಿ ಮಕ್ಕಳ ಎತ್ತರಕ್ಕೊಂದು ಕನ್ನಡಿ: ಇವಿಷ್ಟನ್ನು ಏರ್ಪಡಿಸಲು ಹೆಚ್ಚಿನ ದ್ರವ್ಯ ಬೇಕಾಗದು. ಉಪಾಧ್ಯಾಯರು ಮನಸ್ಸು ಮಾಡಿ, ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೈಜೋಡಿಸಿದರೆ ಮುಂದಿನ ಜೂನ್ ತಿಂಗಳಲ್ಲಿ ಸೇರುವ ಮಕ್ಕಳಿಂದಲೇ ಇದನ್ನು ತೊಡಗಬಹುದು.