ಮಗು ಅತ್ತುಬಿಡಲಿ

ಮಯ್ಯಿತ್ ಎತ್ತುವ ಮೊದಲೇ ಮಕ್ಕಳನ್ನು ನೆರೆಮನೆಗೆ ಕಳುಹಿಸಿ, "ಉಮ್ಮ ಆಸ್ಪತ್ರೆಯಲ್ಲಿದ್ದಾರೆ" ಎನ್ನುತ್ತೇವಲ್ಲ, ಆ ಮಗುವಿನ ಮನಸ್ಸಿನೊಳಗೆ ಏನಾಗುತ್ತದೆಂದು ಯೋಚಿಸಿದ್ದೀರಾ? 2010ರ ಮೇ 22ರಂದು ಬಜ್ಪೆಯ ವಿಮಾನ ದುರಂತದಲ್ಲಿ 158 ಮಂದಿ ತೀರಿಹೋದಾಗ ಮಂಗಳೂರು, ಕಾಸರಗೋಡಿನ ಎಷ್ಟೋ ಮನೆಗಳಿಗೆ ಈ ಪ್ರಶ್ನೆ ಎದುರಾಯಿತು.

ಜಪಾನಿನ ಹಯಾವೊ ಮಿಯಾಝಾಕಿಯವರ 'ದಿ ಬಾಯ್ ಆ್ಯಂಡ್ ದಿ ಹೆರಾನ್' (2023) ಎಂಬ ಕಾರ್ಟೂನ್ ಚಿತ್ರ ಅಂಥದೇ ಮಗುವಿನ ಕತೆ. ಯುದ್ಧಕಾಲದ ಟೋಕಿಯೋದಲ್ಲಿ ಆಸ್ಪತ್ರೆಗೆ ಬೆಂಕಿ ಬಿದ್ದು ಬಾಲಕ ಮಹಿತೊನ ತಾಯಿ ಸಾಯುತ್ತಾಳೆ. ತಂದೆ ಅವಳ ತಂಗಿಯನ್ನೇ ಮದುವೆಯಾಗುತ್ತಾನೆ. ನಮ್ಮಲ್ಲೂ ಇರುವುದೇ. ಹುಡುಗ ಎಲ್ಲರಿಗೂ ವಿನಯದಿಂದ ತಲೆಬಾಗುತ್ತಾನೆ, ಎದುರಾಡುವುದಿಲ್ಲ. ಒಂದು ದಿನ ಕಲ್ಲೆತ್ತಿ ತನ್ನ ತಲೆಗೇ ಹೊಡೆದುಕೊಳ್ಳುತ್ತಾನೆ! ಸುಮ್ಮನಿರುವ ಮಗು ಎಲ್ಲ ಮರೆತಿದೆ ಎಂದುಕೊಳ್ಳುವವರು ಈ ದೃಶ್ಯ ನೋಡಬೇಕು. ಕೊಕ್ಕರೆಯೊಂದರ ಬೆನ್ನುಹತ್ತಿ ಮಾಯಾಲೋಕ ಹೊಕ್ಕು ಅಲೆದ ಮೇಲಷ್ಟೇ ಅವನು ಚಿಕ್ಕಮ್ಮನನ್ನು 'ಅಮ್ಮ' ಎನ್ನುತ್ತಾನೆ. (ಪುಟ್ಟ ಮಕ್ಕಳಿಗೆ ಹೆದರಿಕೆಯಾದೀತು, ಜೊತೆಗೆ ಕುಳಿತು ನೋಡಿ.)

ಆರರ ಹರೆಯದಲ್ಲಿ ತಾಯಿ ಆಮಿನಾರನ್ನು ಕಳಕೊಂಡ ಪ್ರವಾದಿವರ್ಯರು(ಸ) ಮುಂದೆ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಅನುಚರರ ಎದುರೇ ಕಣ್ಣೀರಿಟ್ಟರು. ಹಾಗಿರುವಾಗ "ಗಂಡುಹುಡುಗ, ಅಳಬಾರದು" ಎನ್ನಲು ನಾವು ಯಾರು? ಹತ್ತಿರ ಕೂರಿಸಿಕೊಳ್ಳಿ. ಉಮ್ಮ ಮರಳಿ ಬರುವುದಿಲ್ಲವೆಂದು ಸರಳವಾಗಿ ಹೇಳಿ. ಮಗು ನಾಳೆ ಮತ್ತೆ ಕೇಳಿದರೆ, ಮತ್ತೆ ಹೇಳಿ.